ಸಿ ಗ್ರೇಡಿನ ಹಸಿ ನೆಲ್ಲು

ಮೊನ್ನೆ ಗಂಗಾವತಿಯಿಂದ ಕಾರಟಗಿಗೆ ಹೊರಟ ಬಸ್ಸು ನಡುದಾರಿಯಲ್ಲಿ ನಿಂತುಬಿಟ್ಟಿತು. ಟೈರು ಒಡೆದಿರಲಿಲ್ಲ, ಡೀಸೆಲ್ಲೂ ಮುಗಿದಿರಲಿಲ್ಲ. ಅರ್ಧ ರಸ್ತೆಯ ಮೇಲೆ ನೆಲ್ಲು ಹರವಿದ್ದರು. ಹಿಂದಿನ ದಿನ ಅಕಾಲದ ಮಳೆ ಬಿದ್ದು ಕೊಯ್ದ ಭತ್ತವೆಲ್ಲ ನೆಂದಿತ್ತಂತೆ; ಡಾಂಬರು ಚೆನ್ನಾಗಿ ಕಾಯುತ್ತದಲ್ಲ ಎಂದು ಊರಿನವರು ತಂದು ಸುರಿದಿದ್ದರು. ಎದುರಿನಿಂದ ಲಾರಿ, ಇತ್ತ ನಮ್ಮ ಬಸ್ಸು, ನಡುವೆ ಆ ನೆಲ್ಲಿನಲ್ಲಿ ಸಾಲು ಬಿಡಿಸುತ್ತ ಕಾಲಾಡಿಸುತ್ತಿದ್ದ ಒಬ್ಬ ಹೆಂಗಸು. ಡ್ರೈವರ್ ಹಾರ್ನ್ ಒತ್ತಿಯೇ ಒತ್ತಿದ. ಅವಳು ತಿರುಗಿಯೂ ನೋಡಲಿಲ್ಲ.

ಕಿಟಕಿಯಿಂದ ವಾಸನೆ ಒಳಗೆ ಬಂತು. ನೆಂದ ನೆಲ್ಲು ಬಿಸಿಲಿಗೆ ಬೆವರುವ ವಾಸನೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗ ಮೂಗಿಗೆ ಕರವಸ್ತ್ರ ಹಿಡಿದ.

“ಹಿಡೀಬ್ಯಾಡೋ ತಮ್ಮಾ,” ಅಂದೆ. “ಈ ವಾಸನಿ ಮೂಸಿ ನಾನು ಒಂದು ವರ್ಷ ನಿದ್ದಿ ಬಿಟ್ಟೀನಿ.”

ಹುಡುಗ ನನ್ನ ಮುಖ ನೋಡಿದ, ಬಿಳಿ ಮೀಸೆ ನೋಡಿದ, ಎದ್ದು ಹಿಂದಿನ ಸೀಟಿಗೆ ಹೋಗಿ ಕೂತ. ಒಳ್ಳೆಯದೇ ಆಯಿತು. ಎರಡು ಸೀಟು ನನ್ನದಾಯಿತು, ಬಸ್ಸು ನಿಂತೇ ಇತ್ತು, ಆ ವರ್ಷ ನೆನಪಾಗದೆ ಬೇರೆ ದಾರಿಯೇ ಇರಲಿಲ್ಲ.

ನಾನು ಅಳವಂಡಿ ಕಡೆಯವನು. ನಮ್ಮದು ಜೋಳದ ನೆಲ, ನೀರನ್ನು ಕೊಡದಲ್ಲಿ ನೋಡಿ ಬೆಳೆದವನು. ನನ್ನನ್ನು ಒಯ್ದು ಕಾರಟಗಿ ಹತ್ತಿರದ ಒಂದು ಕ್ಯಾಂಪಿನ ಸರ್ಕಾರಿ ಶಾಲೆಗೆ ಹಾಕಿದರು. ಕಾಲುವೆ ನೀರು ಬಂದ ಮೇಲೆ ಆಂಧ್ರದವರು ಬಂದು ನೆಲೆಸಿದ ಊರಿಗೆ ಅಲ್ಲಿ ಕ್ಯಾಂಪು ಎನ್ನುತ್ತಾರೆ. ಎಲ್ಲಿ ನೋಡಿದರಲ್ಲಿ ಕಾಲುವೆ, ಗದ್ದೆ, ಸೊಳ್ಳೆ. ಕ್ಯಾಂಪಿನ ಹೆಸರು ಹೇಳುವುದಿಲ್ಲ. ನನ್ನ ಕೈಯಲ್ಲಿ ಚೇಷ್ಟೆ ಮಾಡಿಸಿಕೊಂಡವರು ಇನ್ನೂ ಅಲ್ಲಿದ್ದಾರೆ, ವಿಳಾಸ ಸಿಕ್ಕರೆ ಬಂದಾರು. ಏಳನೇ ತರಗತಿಯವರೆಗಿನ ಶಾಲೆ. ಗಣಿತ ನನ್ನದು. ನನ್ನಂಥ ಗಣಿತದ ಮಾಸ್ತರ ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಏಕೆಂದರೆ ಉಳಿದ ಗಣಿತದ ಮಾಸ್ತರರಿಗೆ ಹೊಟ್ಟೆಕಿಚ್ಚು.

ಆ ವರ್ಷವೇ ಹೊಸ ಮೌಲ್ಯಮಾಪನ ಬಂದದ್ದು. ಅಂಕ ಹೋಯಿತು, ಗ್ರೇಡು ಬಂತು. ಎ ಪ್ಲಸ್‌ನಿಂದ ಹಿಡಿದು ಸಿ ತನಕ. ವರ್ಷದ ಕೊನೆಗೆ ಒಂದು ದೊಡ್ಡ ಪರೀಕ್ಷೆ ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ; ವರ್ಷವಿಡೀ ಸಣ್ಣ ಸಣ್ಣ ಪರೀಕ್ಷೆ, ಚಟುವಟಿಕೆ, ಚಾರ್ಟು, ಮಾದರಿ. ಪ್ರತಿ ಮಗುವಿಗೂ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಬರೆದಿಡಬೇಕು. ಇನ್ನು ಫೇಲು ಎಂಬುದೇ ಇಲ್ಲ. ಗಂಗಾವತಿಯಲ್ಲಿ ತರಬೇತಿ ಕೊಟ್ಟು, ಊಟ ಹಾಕಿ, ದಪ್ಪ ಪುಸ್ತಕ ಕೈಗಿಟ್ಟು ಕಳಿಸಿದರು.

ನಮ್ಮ ಹೆಡ್‌ಮಾಸ್ತರ ವೀರಭದ್ರಪ್ಪ ಸರ್ ಆ ಪುಸ್ತಕವನ್ನು ದೇವರ ಮಾಡದಲ್ಲಿ ಇಡುವುದೊಂದು ಬಾಕಿ. ರೂಲು ಎಂದರೆ ಅವರಿಗೆ ಜೀವ. ನಾನು ಮೊದಲ ವಾರವೇ ಒಂದು ಹಾಳೆಯಲ್ಲಿ ಅವರದೇ ಮೌಲ್ಯಮಾಪನ ಬರೆದು ನೋಟೀಸ್ ಬೋರ್ಡಿಗೆ ಅಂಟಿಸಿದೆ. ಸಹಕಾರ ಬಿ, ನಾಯಕತ್ವ ಸಿ, ಕ್ರೀಡೆಯಲ್ಲಿ ಆಸಕ್ತಿ ತೋರುವುದಿಲ್ಲ, ಚಹಾ ಕುಡಿಯುವುದರಲ್ಲಿ ಎ ಪ್ಲಸ್. ಅವರು ಅದನ್ನು ಕನ್ನಡಕ ಏರಿಸಿ ಪೂರ್ತಿ ಓದಿದರು. ಸಿಟ್ಟು ಬರುತ್ತದೆಂದು ನಾನು ಕಾದೆ.

“ಮಾಸ್ತರ, ಚಹಾಕ್ಕ ಎ ಪ್ಲಸ್ ಕೊಟ್ಟೀರಿ. ದಾಖಲಿ ಎಲ್ಲೈತಿ?” ಅಂದರು. “ದಾಖಲಿ ಇಲ್ದ ಗ್ರೇಡು ಕೊಡಂಗಿಲ್ರಿ.”

ಅಂಥ ಮನುಷ್ಯ.

ನಾಟಿ ಮುಗಿದ ಮೇಲೆ ಪಾಲಕರ ಸಭೆ ಕರೆದೆವು. ವೀರಭದ್ರಪ್ಪ ಸರ್ ನಿರಂತರ, ವ್ಯಾಪಕ ಎಂದೆಲ್ಲ ಪುಸ್ತಕ ನೋಡಿ ಓದತೊಡಗಿದರು. ಮುಂದಿನ ಸಾಲಿನಲ್ಲಿ ಒಬ್ಬ ಆಕಳಿಸಿದ. ಅದು ಅಂಟುರೋಗದಂತೆ ಹಿಂದಿನ ಗೋಡೆಯವರೆಗೂ ಹೋಯಿತು. ನನಗೆ ಕೂತಲ್ಲಿ ಕೂರಲು ಆಗಲಿಲ್ಲ, ಎದ್ದೆ.

“ನೋಡ್ರಪಾ, ನೀವು ನೆಲ್ಲು ತಗೊಂಡು ಮಿಲ್ಲಿಗೆ ಹೋಗ್ತೀರಿ. ಅಲ್ಲಿ ಸಾಹುಕಾರ ಮೊದ್ಲು ಏನ್ ಮಾಡ್ತಾನ?”

“ಎರಡು ಕಾಳು ಹಲ್ಲಿಗಿಟ್ಟು ಕಟಕ್ ಅಂತ ಕಡೀತಾನ್ರಿ,” ಅಂದ ಆಕಳಿಸಿದವನೇ.

“ಕಡದು?”

“ಹಸಿ ಐತಿ ಅಂತಾನ್ರಿ. ಒಣಗಿದ್ರೂ ಹಂಗ ಅಂತಾನ, ಮಗ.”

ಎಲ್ಲರೂ ನಕ್ಕರು. ಎಚ್ಚರವಾದರು.

“ಹಸಿ ಅಂದ್ರ ಆ ನೆಲ್ಲು ಕೆಟ್ಟದ್ದೇನು?”

“ಯಾಕ್ ಕೆಡ್ತೈತ್ರಿ? ಎರಡು ಬಿಸಲು ಹಾಕ್ತೀವಿ, ಮತ್ತ ಒಯ್ತೀವಿ.”

“ಹಾಂ! ಸಿ ಗ್ರೇಡು ಅಂದ್ರ ಅಷ್ಟ. ಹುಡುಗ ಕೆಟ್ಟಾನ ಅಂತಲ್ಲ, ಇನ್ನೂ ಹಸಿ ಅದಾನ ಅಂತ. ಒಣಗಿಸ್ಕೊಂಡು ಬರ್ರಿ, ನಾನು ಮತ್ತ ಕಡದು ನೋಡ್ತೀನಿ.”

ಚಪ್ಪಾಳೆ ಬಿತ್ತು. ಗಂಗಾವತಿಯ ತರಬೇತಿಯಲ್ಲಿ ಯಾರಿಗೂ ಹೇಳಲಾಗದ್ದನ್ನು ಒಂದು ಹಿಡಿ ನೆಲ್ಲಿನಲ್ಲಿ ಹೇಳಿದೆ ಎಂದು ಆ ಸಂಜೆಯೆಲ್ಲ ಎದೆಯುಬ್ಬಿಸಿಕೊಂಡು ತಿರುಗಿದೆ. ವೀರಭದ್ರಪ್ಪ ಸರ್ ಮಾತ್ರ “ಮತ್ತ ಕಡದು ನೋಡ್ತೀನಿ ಅಂದ್ರಲ್ಲ, ಅದೊಂದು ಬ್ಯಾಡಾಗಿತ್ತು” ಅಂದರು.

ಬೇಡವಾಗಿತ್ತು ನಿಜ. ಆ ಜನ ಮಾತನ್ನು ಮಾತೆಂದು ತೆಗೆದುಕೊಳ್ಳುವವರಲ್ಲ, ವ್ಯಾಪಾರವೆಂದು ತೆಗೆದುಕೊಳ್ಳುವವರು. ಮೊದಲ ಗ್ರೇಡು ಹೋದ ಎರಡು ದಿನಕ್ಕೆ ಶುರುವಾಯಿತು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದರೆ ಬೇಲಿಯಾಚೆ ಒಬ್ಬಳು ಮಗನ ರಟ್ಟೆ ಹಿಡಿದು ನಿಂತಿದ್ದಾಳೆ. “ದಶಮಾಂಶ ಒಣಗೇತ್ರಿ ಸರ್, ನೋಡ್ರಿ.” ಬಾಯಲ್ಲಿ ನೊರೆ ಇಟ್ಟುಕೊಂಡೇ ದಶಮಾಂಶ ಕೇಳಿದೆ. ಕ್ಷೌರಕ್ಕೆ ಕೂತರೆ, ಅರ್ಧ ಗಲ್ಲ ಕೆರೆದ ಮೇಲೆ ಕ್ಷೌರಿಕ ಕತ್ತಿ ಪಕ್ಕಕ್ಕಿಟ್ಟು ತನ್ನ ಮಗಳನ್ನು ಕರೆದ. “ಮೊದ್ಲು ಇಕಿನ್ನ ನೋಡ್ರಿ, ಆಮ್ಯಾಲ ಉಳಿದರ್ಧ.” ಅವಳು ತಪ್ಪು ಹೇಳಿದ್ದರೆ ನಾನು ಹಾಗೇ ಎದ್ದು ಬರಬೇಕಿತ್ತು, ಪುಣ್ಯಕ್ಕೆ ಸರಿಯಾಗಿ ಹೇಳಿದಳು. ಕ್ಯಾಂಪಿನ ಆಂಧ್ರದ ರೈತನೊಬ್ಬ ಬೈಕಿನ ಟ್ಯಾಂಕಿನ ಮೇಲೆ ಮಗನನ್ನು ಕೂರಿಸಿಕೊಂಡು ಬಸ್‌ ಸ್ಟಾಪಿಗೇ ಬಂದ. “ಮೇಷ್ಟಾರೂ, ನಿನ್ನೆ ಪೂರಾ ಎಂಡಲೋ ಪೆಟ್ಟಾಂಡಿ,” ಅಂದ. ನಿನ್ನೆ ಇಡೀ ದಿನ ಬಿಸಿಲಿಗಿಟ್ಟಿದ್ದೇನೆ, ಅಂತ. ಹುಡುಗನ ಮುಖ ನೋಡಿದರೆ ಹಾಗೇ ಮಾಡಿದ್ದಾನೆನಿಸಿತು.

ನನಗೆ ನಿಂತಲ್ಲಿ ನಿಲ್ಲಲು, ಕೂತಲ್ಲಿ ಕೂರಲು ಬಿಡಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು: ಮಕ್ಕಳು ಕಲಿಯುತ್ತಿದ್ದರು. ಜೂನಿನಲ್ಲಿ ಬಾಯಿ ಬಿಡದವರು ಅಕ್ಟೋಬರಿನಲ್ಲಿ ತಾವೇ ಬಂದು ಕಡಿಸಿಕೊಳ್ಳುತ್ತಿದ್ದರು. ಜಗಳ ಹುಟ್ಟಿದ್ದು ಅಲ್ಲೇ.

“ಜೂನ್‌ದಾಗ ಸಿ, ಈಗ ಎ ಅಂತೀರಿ. ಎರಡೂ ಕೂಡ್ಸಿ ನಡುಕಿನದು ಬರೀರಿ,” ಅಂದರು ವೀರಭದ್ರಪ್ಪ ಸರ್.

“ಸರ್, ಹಸಿ ಇದ್ದಾಗಿನ ರೇಟು, ಒಣಗಿದ ಮ್ಯಾಲಿನ ರೇಟು ಕೂಡ್ಸಿ ನಡುಕಿನ ರೇಟು ಯಾವ ಸಾಹುಕಾರ ಕೊಡ್ತಾನ್ರಿ? ಹುಡುಗಗ ಈಗ ಬರ್ತೈತಿ, ಈಗಿಂದ ಬರೀಬೇಕು.”

“ಮಿಲ್ಲಿನ ರೂಲು ಮಿಲ್ಲಿಗಿ. ನಾವು ಇಲಾಖೆಯವ್ರು.”

ಹೀಗೆ ದಿನಕ್ಕೊಂದು ಸಲ ಜಗಳ, ಜಗಳದ ಮೇಲೊಂದು ಚಹಾ.

ಏಳನೇ ತರಗತಿಯಲ್ಲಿ ಯಮನೂರ ಎಂಬ ಹುಡುಗನಿದ್ದ. ಚೇಷ್ಟೆಯಲ್ಲಿ ನನ್ನ ಅಪ್ಪಣೆಯಿಲ್ಲದ ಶಿಷ್ಯ. ಹನ್ನೆರಡನ್ನು ನಾಲ್ಕು ಮಂದಿಗೆ ಹಂಚಿದರೆ ಎಷ್ಟು ಎಂದು ಕೇಳಿದರೆ “ಯಾರಿಗಿ ಹೆಚ್ಚು ಕೊಡ್ಬೇಕ್ರಿ ಸರ್?” ಎನ್ನುತ್ತಿದ್ದ. ಯಾರದೋ ಮದುವೆ ಕಾರ್ಡು ಕತ್ತರಿಸಿ ಸೂರ್ಯ ಚಂದ್ರ ಗ್ರಹಗಳನ್ನೆಲ್ಲ ಅಂಟಿಸಿ ತಂದ ಚಾರ್ಟಿಗೆ ವಿಜ್ಞಾನದಲ್ಲಿ ಎ ಬಂದಿತ್ತು. ಹಾಡಿಗೆ ಎ, ಆಟಕ್ಕೆ ಎ ಪ್ಲಸ್. ಒಟ್ಟು ಸೇರಿಸಿದರೆ ಹುಡುಗ ಬಿ. ಭಾಗಾಕಾರ ಮಾತ್ರ ಒಂದಕ್ಷರ ಬರುತ್ತಿರಲಿಲ್ಲ, ಭಿನ್ನರಾಶಿ ಕಂಡರೆ ಹೊರಗೆ ಹೋಗಲು ಕಿರುಬೆರಳು ಎತ್ತುತ್ತಿದ್ದ. ಗಣಿತದಲ್ಲಿ ಸಿ. ಎಲ್ಲರ ಮನೆಯವರೂ ಬಂದರು, ಅವನ ಮನೆಯಿಂದ ಯಾರೂ ಬರಲಿಲ್ಲ.

ಸಂಕ್ರಾಂತಿ ಮುಗಿದ ವಾರ ಬಂದಳು ಅವನ ತಾಯಿ ಹನುಮವ್ವ. ಗಂಡನಿಲ್ಲದ ಹೆಂಗಸು, ಹತ್ತಿರದ ಮಿಲ್ಲಿನ ಅಂಗಳದಲ್ಲಿ ನೆಲ್ಲು ತಿರುವುವ ಕೆಲಸ. ತಲೆಯ ತುಂಬ ಹೊಟ್ಟಿನ ಧೂಳು, ಸೀರೆ ಎತ್ತಿ ಕಟ್ಟಿದ್ದು ಹಾಗೇ ಇತ್ತು. ಒಳಗೆ ಬಂದವಳೇ ಹೆಡ್‌ಮಾಸ್ತರರ ಮೇಜಿನ ಮುಂದೆ ನಿಂತಳು.

“ಸರ್ರ, ನನ್ನ ಮಗನ್ನ ಪಾಸ್ ಮಾಡ್ಬ್ಯಾಡ್ರಿ.”

ವೀರಭದ್ರಪ್ಪ ಸರ್‌ಗೆ ಚಹಾ ನೆತ್ತಿಗೆ ಹತ್ತಿತು. ಮೂವತ್ತು ವರ್ಷ ಕೆಲಸ ಮಾಡಿದ್ದರೂ ಪಾಸ್ ಮಾಡಿ ಎಂದು ಅತ್ತವರನ್ನು ಮಾತ್ರ ಕಂಡಿದ್ದರು.

“ಫೇಲ್ ಮಾಡಾಕ ನಮಗ ಅಧಿಕಾರ ಇಲ್ಲವ್ವ.”

“ಪಾಸ್ ಮಾಡಾಕ ಐತೇನ್ರಿ?”

ಅವರು ಪುಸ್ತಕದ ಕಡೆ ನೋಡಿದರು. ತೆಗೆದು ಎರಡು ಹಾಳೆ ತಿರುವಿ ಮುಚ್ಚಿಟ್ಟರು.

“ಈ ಸರ್ ಸಭಾದಾಗ ಹೇಳಿದ್ದು ನನಗ ಮಂದಿ ಹೇಳ್ಯಾರ,” ಎಂದು ನನ್ನ ಕಡೆ ತಿರುಗಿದಳು. “ನನ್ನ ಮಗ ಹಸಿ ಅದಾನ. ಅಂಗಡಿಗಿ ಕಳಿಸಿದ್ರ ಚಿಲ್ಲರ ಎಷ್ಟು ಬರ್ಬೇಕು ಅಂತ ಅಂಗಡಿಯವನ್ನ ಕೇಳಿಕೊಂಡು ಬರ್ತಾನ. ಹಸಿ ನೆಲ್ಲು ಮಿಲ್ಲಿಗಿ ಹಾಕಿದ್ರ ಏನಾಗ್ತೈತಿ? ಅಕ್ಕಿ ಆಗಂಗಿಲ್ರಿ, ನುಚ್ಚಾಗ್ತೈತಿ. ಹಿರಿಯಾಂವನ್ನ ಹಸಿ ಇದ್ದಾಗನ ಹಂಗ ಪಾಸ್ ಮಾಡಿ ಕಳಿಸಿದ್ರಿ. ಕಾರಟಗಿ ಸಾಲ್ಯಾಗ ಹಿಂದಿನ ಬೆಂಚಿನ್ಯಾಗ ಕುಂತು ತಿಳೀದ, ನಾಚಿಕಿ ಆಗಿ, ದೀಪಾವಳಿಗಿ ಬಿಟ್ಟು ಬಂದ. ಅಲ್ನೋಡ್ರಿ.”

ಗೇಟಿನ ಬಳಿ ಸೈಕಲ್ಲು ಹಿಡಿದು ನಿಂತಿದ್ದ ಅವಳ ಹಿರಿಯ ಮಗ ಮಲ್ಲಪ್ಪ. ಹದಿನೆಂಟು ಹತ್ತೊಂಬತ್ತರ ಹುಡುಗ. ಹೆಗಲ ಮೇಲೆ ಹಮಾಲರ ಕೊಕ್ಕೆ. ನಾವು ನೋಡುತ್ತಿದ್ದೇವೆಂದು ತಿಳಿದು ಮುಖ ಆಚೆ ತಿರುಗಿಸಿದ.

“ಇವನ್ನ ಇನ್ನೊಂದು ವರ್ಷ ನಿಮ್ಮ ಸಾಲ್ಯಾಗ ಬಿಸಲಿಗಿ ಹಾಕ್ರಿ. ಒಣಗಿದ ಮ್ಯಾಲ ಒಯ್ತೀನಿ.”

ನನ್ನ ನೆಲ್ಲಿನ ಮಾತು ನನ್ನ ಕುತ್ತಿಗೆಗೇ ಬಂತು. ನೆಲ್ಲನ್ನು ಮನೆಗೆ ವಾಪಸು ಒಯ್ಯಬಹುದು, ಮತ್ತೆ ತರಬಹುದು. ಹುಡುಗನನ್ನು ಹಾಗೆ ಇಟ್ಟುಕೊಳ್ಳಲು ನಮಗೆ ಜಾಗವೇ ಇರಲಿಲ್ಲ. ಏಳು ಮುಗಿದರೆ ಹೆಸರು ತೆಗೆಯಲೇಬೇಕು. ಎಂಟಕ್ಕೆ ಕಾರಟಗಿಗೆ ಹೋಗಬೇಕು, ಅಲ್ಲಿಗೆ ಟಿ.ಸಿ. ಬೇಕು, ಟಿ.ಸಿ.ಗೆ ತಾಯಿ ಹೆಬ್ಬೆಟ್ಟು ಒತ್ತಬೇಕು. ಅವಳು ಒತ್ತದಿದ್ದರೆ ಹುಡುಗ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡಳು. ಕಣ್ಣು ತುಸು ಸಣ್ಣಗಾದವು.

“ಹಂಗಾರ ಅಷ್ಟರಾಗ ಒಣಗಿಸ್ರಿ. ಇಲ್ಲಾಂದ್ರ ನಾ ಹೆಬ್ಬಟ್ಟು ಒತ್ತಂಗಿಲ್ಲ. ಅಲ್ಲಿ ಕುಂತು ನಾಚ್ಕೊಳ್ಳೋದ್ಕಿಂತ ನನ್ನ ಜೋಡಿ ನೆಲ್ಲು ತಿರುವಲಿ.”

“ಯುಗಾದಿಯೊಳಗ ಒಣಗಿಸಿ ಕೈಯಾಗ ಕೊಡ್ತೀನಿ, ತಗೋ,” ಅಂದೆ. ನನ್ನ ಬಾಯಿ ನಿಮಗೆ ಗೊತ್ತಲ್ಲ.

“ಕಡದು ನೋಡೋರು ಯಾರು?”

“ಯಾರು ಅಂದ್ರ? ನಾನ!”

“ಮಾರೋರೂ ನೀವ, ಕಡದು ನೋಡೋರೂ ನೀವ? ಭಾಳ ಛಲೋ ಐತ್ರಿ ನಿಮ್ಮ ಮಿಲ್ಲು,” ಅಂದಳು. “ನಾ ನೋಡ್ತೀನಿ.”

ಅಂದಿನಿಂದ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಯಮನೂರನಿಗೆ ಬೇರೆ ಪಾಠ. ಮಲ್ಲಪ್ಪ ತಮ್ಮನನ್ನು ಕರೆದೊಯ್ಯಲು ಬಂದು ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದ. “ಒಳಗ ಬಾರೋ” ಎಂದು ಕರೆದರೆ “ಇಲ್ಲೇ ಗಾಳಿ ಛಲೋ ಐತ್ರಿ ಸರ್” ಎನ್ನುತ್ತಿದ್ದ. ಗಾಳಿಯೇನೂ ಇರಲಿಲ್ಲ. ಸೊಳ್ಳೆ ಇದ್ದವು.

ಯಮನೂರ ಕಲಿಯುತ್ತಿದ್ದ, ಮರೆಯುತ್ತಿದ್ದ. ಸೋಮವಾರ ಬಂದದ್ದು ಮಂಗಳವಾರ ಇಲ್ಲ. ಕಲ್ಲು ಇಟ್ಟೆ, ಹುಣಸೆ ಬೀಜ ಇಟ್ಟೆ, ರೊಟ್ಟಿ ಹರಿದು ತೋರಿಸಿದೆ, ರೊಟ್ಟಿಯ ಕಾಲುಭಾಗ ಹಿಡಿದು “ಇದಕ್ಕ ಚಟ್ನಿ ಇಲ್ಲೇನ್ರಿ?” ಅಂದ. ಬೇರೆ ಹುಡುಗನಾಗಿದ್ದರೆ ನಗುತ್ತಿದ್ದೆ. ಈಗ ನಗು ಬರುತ್ತಿರಲಿಲ್ಲ. ಬಾಡಿಗೆ ಕೋಣೆಗೆ ಹೋದರೆ ಅನ್ನ ಸೇರುತ್ತಿರಲಿಲ್ಲ, ಒಲೆಯ ಮುಂದೆ ಕೂತವನು ಎದ್ದು ಬಾಗಿಲಿಗೆ ಹೋಗುತ್ತಿದ್ದೆ, ಬಾಗಿಲಿಗೆ ಹೋದವನು ಯಾಕೆ ಬಂದೆನೆಂದು ಮರೆಯುತ್ತಿದ್ದೆ. ಅಂಗಡಿ, ಬಸ್ಸು, ಕಾಲುವೆ ಏರಿ, ಎಲ್ಲಿ ಹೋದರೂ ತಲೆಯಲ್ಲಿ ಲೆಕ್ಕ ತಿರುಗುತ್ತಿತ್ತು. ನಾನು ಎರಡು ವಾರ ವೀರಭದ್ರಪ್ಪ ಸರ್‌ಗೆ ಒಂದು ಚೇಷ್ಟೆಯನ್ನೂ ಮಾಡಲಿಲ್ಲ. ಅವರಿಗೆ ಭಯವಾಗಿ ನನ್ನ ಹಣೆ ಮುಟ್ಟಿ ನೋಡಿದರು.

“ಆರಾಮ ಇಲ್ಲೇನ್ರಿ ಮಾಸ್ತರ? ರಜಾ ಹಾಕ್ರಿ. ರಜಾಕ್ಕ ರೂಲ್ ಐತಿ.”

ಬಿಸಿಲು ಏರಿತು. ಎರಡನೇ ಬೆಳೆ ತೆನೆಗೆ ಬಂದು ಕಾಲುವೆ ನೀರು ಇವತ್ತು ನಿಲ್ಲುತ್ತದೋ ನಾಳೆಯೋ ಎಂದು ಊರೆಲ್ಲ ಚಡಪಡಿಸುತ್ತಿತ್ತು. ಎಲ್ಲರೂ ನೀರಿಗಾಗಿ, ನಾನೊಬ್ಬ ಭಾಗಾಕಾರಕ್ಕಾಗಿ.

ಆ ಮಿಲ್ಲಿನಲ್ಲೊಂದು ವಾಡಿಕೆಯಿತ್ತು. ಯುಗಾದಿಗೆ ಮುಂಚೆ ಅಂಗಳದ ಹೆಂಗಸರ ಗುಂಪಿಗೆ ಸಾಹುಕಾರ ಒಂದು ಚೀಲ ನುಚ್ಚು ಕೊಡುವುದು. ಅವರು ಅದನ್ನು ಸೇರಿನಿಂದ ಅಳೆದು ಹಂಚಿಕೊಳ್ಳಬೇಕು. ಪ್ರತಿ ವರ್ಷ ಹಂಚುವಾಗ ಜಗಳ; ಹಬ್ಬದ ದಿನ ಒಬ್ಬರ ಮನೆಗೊಬ್ಬರು ಬೇವು ಬೆಲ್ಲ ಕೊಡಲೂ ಹೋಗದಷ್ಟು ಜಗಳ. ಹನುಮವ್ವ ಹೇಳಿ ಕಳಿಸಿದಳು: ಈ ಸಲ ಹಂಚುವವನು ಯಮನೂರ. ಚೀಲಕ್ಕೆ ಕೈ ಹಾಕುವ ಮೊದಲೇ ಯಾರಿಗೆಷ್ಟು ಎಂದು ಹೇಳಬೇಕು. ಒಬ್ಬೊಬ್ಬರಿಗೆ ಒಂದೊಂದೇ ಸೇರು ಹಾಕುತ್ತ ಹೋಗುವುದು ನಡೆಯುವುದಿಲ್ಲ.

ನಾನು ಹೋದಾಗ ಮಿಲ್ಲಿನ ಅಂಗಳದಲ್ಲಿ ಹೆಂಗಸರು ಗುಂಡಗೆ ಕೂತಿದ್ದರು. ನಡುವೆ ಚೀಲ. ವೀರಭದ್ರಪ್ಪ ಸರ್ ಕೂಡ ಛತ್ರಿ ಹಿಡಿದು ಬಂದಿದ್ದರು, ಸುಮ್ಮನೆ ಆ ಕಡೆ ಹೊರಟಿದ್ದೆ ಎಂದು ಸುಳ್ಳು ಹೇಳುತ್ತ. ಮಲ್ಲಪ್ಪ ಮೂಟೆಗಳ ಸಾಲಿಗೆ ಒರಗಿ ನಿಂತಿದ್ದ.

“ಚೀಲದಾಗ ಅರವತ್ತು ಸೇರು ಐತಿ. ಮಂದಿ ಎಂಟು. ಹೇಳು,” ಅಂದಳು ಹನುಮವ್ವ.

“ಏಳೂವರಿ ಸೇರು!” ಎಂದ ಯಮನೂರ. ಅವಳ ಬಾಯಿ ಮುಚ್ಚುವ ಮೊದಲೇ.

ಉತ್ತರ ಸರಿ. ಆದರೆ ಅಷ್ಟು ಬೇಗ ಅವನಿಗೆ ತನ್ನ ಹೆಸರೂ ಬರುತ್ತಿರಲಿಲ್ಲ. ನಾನು ಚೇಷ್ಟೆಯಲ್ಲಿ ಹುಟ್ಟಿ ಬೆಳೆದವನು, ನನಗೆ ಗೊತ್ತಾಗದಿರುತ್ತದೆಯೇ? ಯಾರೋ ಬಾಯಿಪಾಠ ಮಾಡಿಸಿದ್ದರು. ಮೂಟೆಗಳ ಕಡೆ ನೋಡಿದೆ. ಮಲ್ಲಪ್ಪ ಮಿಲ್ಲಿನ ಚಾವಣಿಯ ತಗಡನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

“ಏಳೂವರಿ ಹೆಂಗ?” ಎಂದು ಒಬ್ಬಳು ಎದ್ದಳು. “ಲಕ್ಷ್ಮವ್ವ ಬಾಣಂತಿ ಆಗಿ ಅರ್ಧ ಸುಗ್ಗಿ ಮನ್ಯಾಗ ಇದ್ಲು. ಆಕಿಗಿ ಅರ್ಧ ಪಾಲು ಅಲ್ಲೇನ?”

“ಅರ್ಧನ ಕೊಡ್ರಿ, ನಾ ಏನ್ ಪೂರಾ ಕೇಳಿನೇನು?” ಎಂದಳು ಕೂಸಿಗೆ ಹಾಲು ಕುಡಿಸುತ್ತಿದ್ದ ಲಕ್ಷ್ಮವ್ವ. “ಅರ್ಧ ಅಂದ್ರ ಎಷ್ಟು, ಅದನ್ನರ ಹೇಳ್ರಿ.”

“ಏಳೂವರಿದಾಗ ಅರ್ಧ!”

“ಹಂಗಾರ ಉಳಿದರ್ಧ ಯಾರ ಮನಿಗಿ?”

“ನಿಮ್ಮ ಮನಿಗಿ ಒಯ್ಯಾಕ ನೋಡ್ತಿಯಲ್ಲ, ಗೊತ್ತೈತಿ!”

ಜಗಳ ಹತ್ತಿಕೊಂಡಿತು. ಯಮನೂರನ ಏಳೂವರೆ ಕೆಲಸಕ್ಕೆ ಬರದಂತಾಯಿತು, ಬೇರೆ ಉತ್ತರ ಯಾರೂ ಹೇಳಿಕೊಟ್ಟಿರಲಿಲ್ಲ. ಅವ್ವನ ಕಡೆ ನೋಡಿದ, ಅವಳು ಕಲ್ಲಿನಂತೆ ಕೂತಿದ್ದಳು. ಅಣ್ಣನ ಕಡೆ ನೋಡಿದ, ಅಣ್ಣ ತಗಡು ಬಿಟ್ಟು ನೆಲ ನೋಡುತ್ತಿದ್ದ. ನನ್ನ ಕಡೆ ನೋಡಿದ.

ನನ್ನ ಕೈ ತಾನಾಗಿ ಬೆನ್ನ ಹಿಂದೆ ಸರಿದು, ಹುಡುಗನಿಗಷ್ಟೇ ಕಾಣುವಂತೆ ಪಕ್ಕದಿಂದ ಬೆರಳು ಮಡಚತೊಡಗಿತು.

“ಮಾಸ್ತರ್ರ,” ಅಂದಳು ಹನುಮವ್ವ ತಿರುಗದೆಯೇ. “ಕೈ ಮುಂದ ಇಟ್ಕೋರಿ.”

ಹೆಂಗಸರೆಲ್ಲ ನಕ್ಕರು. ನಾನು ಕೈ ಮುಂದಿಟ್ಟುಕೊಂಡೆ, ಮದುವೆಗಂಡಿನ ಹಾಗೆ. ಆ ನಗುವಿನಲ್ಲಿ ಜಗಳ ತುಸು ಇಳಿಯಿತು. ಯಮನೂರ ನೆಲಕ್ಕೆ ಕುಕ್ಕರಗಾಲಲ್ಲಿ ಕೂತ. ಅಲ್ಲೇ ಬಿದ್ದ ನೆಲ್ಲಿನ ಕಾಳು ಆರಿಸಿದ. ಒಬ್ಬೊಬ್ಬ ಹೆಂಗಸಿನ ಮುಂದೆ ಎರಡೆರಡು ಕಾಳು ಇಡುತ್ತ ಹೋದ. ಅವ್ವನ ಮುಂದೆ ಎರಡು. ಲಕ್ಷ್ಮವ್ವನ ಮುಂದೆ ಒಂದು. ಕೂಸು ಅದನ್ನು ಹಿಡಿಯಲು ಕೈ ಚಾಚಿತು. ಕಾಳು ಎಣಿಸಿದ. ಮತ್ತೊಮ್ಮೆ ಎಣಿಸಿದ. ಹೊಟ್ಟಿನ ಧೂಳಿನಲ್ಲಿ ಬೆರಳಿನಿಂದ ಗೀಚಿದ, ಅಳಿಸಿದ, ತುಟಿ ಕಚ್ಚಿದ. ವೀರಭದ್ರಪ್ಪ ಸರ್ ಛತ್ರಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

“ಹದಿನೈದು ಅರ್ಧ ಆದ್ವು,” ಅಂದ ಯಮನೂರ, ತನಗೇ ಹೇಳಿಕೊಳ್ಳುವಂತೆ. “ಒಂದೊಂದು ಅರ್ಧಕ್ಕ ನಾಕು ಸೇರು. ಲಕ್ಷ್ಮವ್ವ ಚಿಗವ್ವಗ ನಾಕು. ಉಳಿದವ್ರಿಗಿ ಎಂಟು.” ಆಮೇಲೆ ತಲೆ ಎತ್ತಿದ. “ಯಾರಿಗೂ ಹೆಚ್ಚಿಲ್ಲ.”

ಅಳೆದರು. ಎಂಟೆಂಟು ಸೇರು ಉಡಿಗೆ ಬಿತ್ತು. ಲಕ್ಷ್ಮವ್ವನ ನಾಲ್ಕಕ್ಕೆ ಚೀಲ ಸರಿಯಾಗಿ ಬರಿದಾಯಿತು. ಜಗಳವಿಲ್ಲದೆ ಮನೆಗೆ ಹೋಗಬೇಕಾಗಿ ಬಂದದ್ದಕ್ಕೆ ಒಬ್ಬಿಬ್ಬರಿಗೆ ಬೇಜಾರಾದಂತೆ ಕಂಡಿತು. ನಾನು ಆ ಅಂಗಳದಲ್ಲಿ ಕುಣಿದೆ ಎಂದು ಊರವರು ಇಂದಿಗೂ ಹೇಳುತ್ತಾರೆ. ಕಾಲಿಗೆ ಇರುವೆ ಕಚ್ಚಿತ್ತು, ಅಷ್ಟೆ.

ಇಲ್ಲಿಗೆ ಮುಗಿಯಿತು ಎಂದು ನೀವು ಅಂದುಕೊಂಡಿರಿ, ನಾನೂ ಅಂದುಕೊಂಡಿದ್ದೆ. ಫಲಿತಾಂಶದ ದಿನ ಹನುಮವ್ವ ಮಕ್ಕಳಿಬ್ಬರನ್ನೂ ಕರೆದುಕೊಂಡು ಟಿ.ಸಿ. ಒಯ್ಯಲು ಬಂದಳು; ಮಲ್ಲಪ್ಪ ಹೊರಗೇ ಉಳಿದ. ವೀರಭದ್ರಪ್ಪ ಸರ್ ಮಸಿಯ ಪ್ಯಾಡು ಮುಂದಿಟ್ಟು ಪ್ರಗತಿ ಪತ್ರ ಓದಿ ಹೇಳಿದರು. ಕನ್ನಡ ಬಿ, ವಿಜ್ಞಾನ ಎ, ಗಣಿತ ಸಿ. ಅವಳು ಚಾಚಿದ ಹೆಬ್ಬೆಟ್ಟು ಹಿಂದಕ್ಕೆ ತೆಗೆದಳು.

“ಯಾಕ್ರಿ ಸಿ? ಬರ್ತೈತಲ್ಲ ಅವಗ.”

“ಅದು ವರ್ಷಪೂರ್ತಿದವ್ವ. ಮೊದಲಿನ ಪರೀಕ್ಷೆಯೊಳಗ ಬರ್ತಿದ್ದಿಲ್ಲಲ್ಲ, ಎಲ್ಲಾ ಕೂಡ್ಸಿದ್ರ ಸಿ ಆಗ್ತೈತಿ.”

“ಹೋದ ಮಳಿಗಾಲ್ದಾಗ ಬರ್ತಿದ್ದಿಲ್ಲ ಅಂತ ಕಾರಟಗಿ ಮಾಸ್ತರ್ಗೆ ಯಾಕ್ರಿ ಹೇಳ್ಬೇಕು? ಅವ್ರು ಕಲ್ಸೂದು ಬರೋ ಮಳಿಗಾಲ್ದಾಗ. ಇದನ್ನ ಓದಿ ಅವ್ರು ನನ್ನ ಮಗನ್ನ ಹಿಂದಿನ ಬೆಂಚಿಗಿ ಕಳಸ್ತಾರ. ನಾ ಒತ್ತಂಗಿಲ್ಲ.”

ಬರದಿದ್ದಾಗ ಬರುವುದಿಲ್ಲವೆಂದು ಒತ್ತಲಿಲ್ಲ, ಈಗ ಬರುತ್ತದೆಂದು ಒತ್ತಲಿಲ್ಲ. ನಾನು ವೀರಭದ್ರಪ್ಪ ಸರ್ ಮುಖ ನೋಡಿದೆ. ಅಕ್ಟೋಬರಿನಿಂದ ನಾನು ಆಡಿದ ಜಗಳವನ್ನೇ ಅವಳು ಆಡಿದ್ದಳು, ನನಗಿಂತ ಚೆನ್ನಾಗಿ. ಇದನ್ನು ನಾನು ಬೇರೆ ಯಾರ ಮುಂದೆಯೂ ಒಪ್ಪುವುದಿಲ್ಲ.

ಅವರು ಮಸಿಯ ಪ್ಯಾಡಿನ ಮುಚ್ಚಳ ಹಾಕಿದರು. ಆಮೇಲೆ ಯಮನೂರನನ್ನು ಬೋರ್ಡಿಗೆ ಕರೆದು ತಾವೇ ಒಂದು ಭಾಗಾಕಾರ ಕೊಟ್ಟರು, ಒಂದು ಭಿನ್ನರಾಶಿ ಕೊಟ್ಟರು. ಹುಡುಗ ಮಾಡಿದ. ಇನ್ನೊಂದು ಕೊಟ್ಟರು. ಮಾಡಿದ, ಸೀಮೆಸುಣ್ಣ ಮುರಿದುಕೊಂಡು. ಸರ್ ಆ ದಪ್ಪ ಪುಸ್ತಕ ತೆಗೆದು ಮೊದಲ ಪುಟದಿಂದ ಹುಡುಕತೊಡಗಿದರು. ನಾನು ಕೋಣೆಯಲ್ಲಿ ಅತ್ತಿಂದಿತ್ತ ತಿರುಗಿದೆ. ಫ್ಯಾನು ಇರಲಿಲ್ಲ, ಕರೆಂಟೂ ಇರಲಿಲ್ಲ. ಹನುಮವ್ವ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿ ಹಿಡಿದು ಕೂತಿದ್ದಳು.

“ಐತಿ!” ಎಂದು ಕೂಗಿದರು ವೀರಭದ್ರಪ್ಪ ಸರ್. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. “ಹಿಂದ ಬಿದ್ದ ಮಗುವಿಗೆ ಬ್ಯಾರೆ ಪಾಠ ಮಾಡಿದ್ರ, ಆಮ್ಯಾಲಿನ ಪ್ರಗತಿ ದಾಖಲಿ ಮಾಡ್ಬಹುದು. ರೂಲ್ ಐತಿ!”

ಸಿ ಹೊಡೆದುಹಾಕಿದರು, ಮೇಲೆ ಬಿ ಪ್ಲಸ್ ಬರೆದರು, ಪಕ್ಕದಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ಸೀಲು ಒತ್ತಿದರು. ಅವಳು ಅದನ್ನು ನಮ್ಮ ಕೈಯಲ್ಲಿ ಓದಿಸಲಿಲ್ಲ, ಮಗನ ಕೈಯಲ್ಲಿ ಓದಿಸಿದಳು. ಅವನು ತೊದಲದೆ ಓದಿದ: ಭಾಗಾಕಾರ ಮತ್ತು ಭಿನ್ನರಾಶಿ ಮೊದಲು ಬರುತ್ತಿರಲಿಲ್ಲ, ಈಗ ತಾನಾಗಿ ಮಾಡುತ್ತಾನೆ. ಹೆಬ್ಬೆಟ್ಟು ಬಿತ್ತು.

ಆದರೆ ಅವಳು ಏಳಲಿಲ್ಲ. ಬಾಗಿಲ ಕಡೆ ತಿರುಗಿ “ಮಲ್ಲಪ್ಪಾ, ಬಾರೋ ಒಳಗ” ಎಂದು ಕೂಗಿದಳು. ಮಲ್ಲಪ್ಪ ಬಾಗಿಲ ತನಕ ಬಂದು ಹೊಸ್ತಿಲ ಹೊರಗೆ ನಿಂತ.

“ಇವನ್ನೂ ನೋಡ್ರಿ ಸರ್ರ. ಕಿಟಕಿ ಹೊರಗ ಕುಂತು ಎಲ್ಲಾ ಕಲ್ತಾನ. ಮನ್ಯಾಗ ತಮ್ಮಗ ಇವನ ಹೇಳಿಕೊಡ್ತಿದ್ದ. ಇವಂದೂ ಒಂದು ಹಿಂಗ ಬರ್ದು ಕೊಡ್ರಿ, ಈಗ ಬರ್ತೈತಿ ಅಂತ.”

“ಅವನ ಹೆಸರು ನಮ್ಮ ಸಾಲ್ಯಾಗ ಇಲ್ಲವ್ವ. ಬರ್ದು ಕೊಡಾಕ ಬರಂಗಿಲ್ಲ,” ಅಂದರು ವೀರಭದ್ರಪ್ಪ ಸರ್. ಹೇಳಿದ್ದು ಅವರಿಗೇ ಸೇರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಮಲ್ಲಪ್ಪನನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. “ಎಷ್ಟು ವಯಸ್ಸಲೇ ನಿನಗ? ಹದಿನೈದು ದಾಟೇತಿಲ್ಲ? ಹಂಗಾರ ಸಾಲಿಗಿ ಬರೋದ ಬ್ಯಾಡವ್ವ. ಹೊರಗಿನಿಂದ ಸೀದಾ ಹತ್ತನೇ ಕ್ಲಾಸಿನ ಪರೀಕ್ಷಿ ಕಟ್ಟಬಹುದು. ಅರ್ಜಿ ನಾ ತುಂಬ್ತೀನಿ. ಲೆಕ್ಕ ಈ ಮಾಸ್ತರ ಹೇಳಿಕೊಡ್ತಾರ.”

ನನ್ನನ್ನು ಕೇಳಲೂ ಇಲ್ಲ, ನೋಡ್ರಿ.

ಹನುಮವ್ವ ಸೆರಗಿನಿಂದ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತಿದ್ದವಳು ನಿಲ್ಲಿಸಿದಳು.

“ಆ ಪರೀಕ್ಷ್ಯಾಗ ಫೇಲ್ ಮಾಡ್ತಾರೇನ್ರಿ?”

ವೀರಭದ್ರಪ್ಪ ಸರ್ ಹಿಂದೆ ಮುಂದೆ ನೋಡಿದರು. ಸುಳ್ಳು ಹೇಳುವ ಮನುಷ್ಯ ಅಲ್ಲ.

“ಮಾಡ್ತಾರವ್ವ. ಬರಲಿಲ್ಲಂದ್ರ ಯಾರನ್ನೂ ಬಿಡಂಗಿಲ್ಲ.”

“ಹಂಗಾರ ಛಲೋ ಪರೀಕ್ಷಿ ಅದು,” ಅಂದಳು ಹನುಮವ್ವ. “ಕಟ್ಟಸ್ರಿ.”